ದಾರಿ ತೋರುವ ಅಂಕಿ, ಬೆದರಿಸುವ ಅಂಕಿ

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ವರ್ಷಗಟ್ಟಲೆ ಎಲ್ಲರ ಕಣ್ಣು ಒಂದೇ ಅಂಕಿಯ ಮೇಲೆ ನೆಟ್ಟಿತ್ತು. ಒಂದು ಮನೆಯವರು ಬ್ಯಾಂಕಿನಿಂದ ಎಷ್ಟು ಬಗೆಯ ಸೇವೆ ಪಡೆದಿದ್ದಾರೆ ಎಂಬುದೇ ಆ ಅಂಕಿ. ಉಳಿತಾಯ ಖಾತೆ, ಚೆಕ್ಕಿನ ಖಾತೆ, ಕ್ರೆಡಿಟ್ ಕಾರ್ಡ್, ಮನೆ ಸಾಲ ಎಂದು ಎಣಿಸುತ್ತ ಹೋದರೆ ಅದು ಎಂಟು ಮುಟ್ಟಬೇಕು. ಎಂಟೇ ಏಕೆ ಎಂಬ ಪ್ರಶ್ನೆಗೆ ಬ್ಯಾಂಕಿನ ಮುಖ್ಯಸ್ಥ ಜಾನ್ ಸ್ಟಂಫ್ 2010ರ ವಾರ್ಷಿಕ ವರದಿಯಲ್ಲಿ ಕೊಟ್ಟ ಉತ್ತರವೆಂದರೆ, 'ಏಯ್ಟ್' ಎಂಬುದಕ್ಕೆ 'ಗ್ರೇಟ್' ಪ್ರಾಸವಾಗುತ್ತದೆ ಎಂಬುದು. ಯಾವ ಸಮೀಕ್ಷೆಯಿಂದಲೂ ಹುಟ್ಟದ ಈ ಗುರಿ ಶಾಖೆಗಳಿಗೆ ಇಳಿದು, ನೌಕರರ ದಿನದಿನದ ಲೆಕ್ಕವಾಯಿತು. ಮುಟ್ಟದವರ ಕೆಲಸಕ್ಕೆ ಕುತ್ತು ಬಂತು. ಒಳಗಿನ ಒತ್ತಡವನ್ನು 2013ರ ಕೊನೆಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. 2016ರ ಸೆಪ್ಟೆಂಬರಿನಲ್ಲಿ ನಿಯಂತ್ರಣ ಸಂಸ್ಥೆಗಳೂ ಲಾಸ್ ಏಂಜಲೀಸ್ ನಗರಾಡಳಿತವೂ ಸೇರಿ 18.5 ಕೋಟಿ ಡಾಲರ್ ದಂಡ ಹಾಕುವ ಹೊತ್ತಿಗೆ, ಗ್ರಾಹಕರಿಗೆ ಗೊತ್ತೇ ಇಲ್ಲದಂತೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆ ತೆರೆದದ್ದು ಜಗತ್ತಿಗೆಲ್ಲ ತಿಳಿಯಿತು. ಐದು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಇದೇ ಕಾರಣಕ್ಕೆ ಬ್ಯಾಂಕು ಮನೆಗೆ ಕಳಿಸಿತ್ತು. ಅಂಥ ಸಂಶಯದ ಖಾತೆಗಳು 35 ಲಕ್ಷದವರೆಗೂ ಇರಬಹುದೆಂದು ಮರುವರ್ಷ ಬ್ಯಾಂಕೇ ಒಪ್ಪಿಕೊಂಡಿತು. 2020ರಲ್ಲಿ ಇನ್ನೂ 300 ಕೋಟಿ ಡಾಲರ್ ತೆತ್ತು ಸರ್ಕಾರದೊಂದಿಗೆ ರಾಜಿ ಮಾಡಿಕೊಳ್ಳಬೇಕಾಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ದುರಾಸೆಯ ಕಥೆಯಾಗಿ ಹೇಳುತ್ತಾರೆ. ದುರಾಸೆ ಇತ್ತು, ನಿಜ. ಆದರೆ ಅದರಲ್ಲಿ ಇನ್ನೊಂದು ಅಂಶವಿದೆ, ತಂಡವೊಂದನ್ನು ನಡೆಸುವ ಯಾರಿಗಾದರೂ ಅದು ಹೆಚ್ಚು ಮುಖ್ಯ. ಈ ಸುಳ್ಳು ಖಾತೆಗಳಿಂದ ಬ್ಯಾಂಕಿಗೆ ಬಂದದ್ದು ಬಹಳ ಕಡಿಮೆ. ಮೊದಲ ಸುತ್ತಿನಲ್ಲಿ ಗ್ರಾಹಕರಿಗೆ ಹಿಂತಿರುಗಿಸಿದ ಶುಲ್ಕ ಸುಮಾರು 26 ಲಕ್ಷ ಡಾಲರ್, ಅಷ್ಟು ದೊಡ್ಡ ಬ್ಯಾಂಕಿಗೆ ಅದು ಲೆಕ್ಕಕ್ಕೇ ಇಲ್ಲದ ಮೊತ್ತ. ಬಹುಪಾಲು ಖಾತೆಗಳು ಖಾಲಿ ಬಿದ್ದಿದ್ದವು. ಅಂದರೆ ಅಂಕಿ ಏರಿತು, ವ್ಯಾಪಾರ ಏರಲಿಲ್ಲ. ಹೂಡಿಕೆದಾರರಿಗೆ ವರದಿ ಮಾಡುತ್ತ, ಮುಂದಿನ ಯೋಜನೆಯನ್ನೂ ಅದರ ಮೇಲೆಯೇ ಕಟ್ಟುತ್ತ ಬಂದ ಅಂಕಿಯಲ್ಲಿ ಎಷ್ಟು ನಿಜ, ಎಷ್ಟು ಭಯದಿಂದ ಹುಟ್ಟಿದ್ದು ಎಂದು ಬೇರ್ಪಡಿಸಿ ಹೇಳುವ ದಾರಿ ಮೇಲಿನವರಿಗೆ ಉಳಿಯಲಿಲ್ಲ. ಮೂಲದಲ್ಲಿ ಅದು ಕೆಟ್ಟ ಮಾಹಿತಿಯಲ್ಲ. ಹಲವು ಸೇವೆ ಪಡೆಯುವ ಗ್ರಾಹಕ ಬ್ಯಾಂಕನ್ನು ಬಿಟ್ಟು ಹೋಗುವುದು ಕಡಿಮೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಅದನ್ನು ನೌಕರನ ಅನ್ನಕ್ಕೆ ಗಂಟು ಹಾಕಿದ ದಿನದಿಂದ ಅದು ಗ್ರಾಹಕನ ಬಗ್ಗೆ ಏನನ್ನೂ ಹೇಳದಾಯಿತು. ನನ್ನ ವಾದ ಇಷ್ಟೇ: ತಂಡದ ಕೆಲಸವನ್ನು ಯೋಜಿಸಲು ಬಳಸುವ ಅಂಕಿಯನ್ನೇ ತಂಡದ ಜನರನ್ನು ತೂಗಲೂ ಬಳಸಕೂಡದು. ಎರಡಕ್ಕೂ ಒಂದನ್ನೇ ಬಳಸಿದರೆ ಮೊದಲು ಕೆಡುವುದು ಯೋಜನೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಇದನ್ನೇ ಗುರುತಿಸಿದರು. ಅದೇ ಕಾಲಕ್ಕೆ ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ ಕೂಡ ಸರ್ಕಾರಿ ಕಾರ್ಯಕ್ರಮಗಳ ಮೌಲ್ಯಮಾಪನವನ್ನು ಅಧ್ಯಯನ ಮಾಡುತ್ತ ಇದೇ ತೀರ್ಮಾನಕ್ಕೆ ಬಂದಿದ್ದರು. ಅರ್ಧ ಶತಮಾನ ಕಳೆದಿದೆ, ಆದರೂ ಕಂಪನಿಗಳ ರಿವ್ಯೂ ಮೀಟಿಂಗುಗಳಿಗೆ ಇದು ಇಳಿದಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳಲ್ಲಿ ಇದರ ರೂಪ ಬೇರೆ. ಮುಂದಿನ ಎರಡು ವಾರದಲ್ಲಿ, ಅಂದರೆ ಒಂದು ಸ್ಪ್ರಿಂಟಿನಲ್ಲಿ, ಎಷ್ಟು ಕೆಲಸ ಹಿಡಿಸೀತು ಎಂದು ತಂಡವೇ ಅಂದಾಜು ಮಾಡಿಕೊಳ್ಳಲಿ ಎಂದು ಸ್ಟೋರಿ ಪಾಯಿಂಟ್ ಎಂಬ ಅಳತೆ ಬಂತು. ಸುಲಭದ ಕೆಲಸಕ್ಕೆ ಒಂದು ಪಾಯಿಂಟ್, ತೊಡಕಿನದಕ್ಕೆ ಐದೋ ಎಂಟೋ. ಒಂದು ತಂಡ ಸ್ಪ್ರಿಂಟಿಗೆ ಸರಾಸರಿ ಎಷ್ಟು ಪಾಯಿಂಟ್ ಮುಗಿಸುತ್ತದೆ ಎಂಬುದು ಅದರ ವೆಲಾಸಿಟಿ. ತಂಡದ ಒಳಗೇ ಉಳಿದಾಗ ಇದು ಉಪಯುಕ್ತ. ಆದರೆ ಮ್ಯಾನೇಜರ್ ಎರಡು ತಂಡಗಳ ವೆಲಾಸಿಟಿಯನ್ನು ಅಕ್ಕಪಕ್ಕ ಇಟ್ಟು, ಆ ತಂಡ 60 ಮಾಡುತ್ತದೆ, ನೀವೇಕೆ 40 ಎಂದು ಕೇಳಿದ ಕೂಡಲೇ, ನಿನ್ನೆಯವರೆಗೆ ಮೂರು ಪಾಯಿಂಟಿನದಾಗಿದ್ದ ಕೆಲಸ ಇಂದು ಐದಾಗುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅಂದಾಜು ತುಸು ಉದಾರವಾಗುತ್ತದೆ, ಅಷ್ಟೆ. ಮೂರು ತಿಂಗಳಲ್ಲಿ ವೆಲಾಸಿಟಿ ಏರಿದಂತೆ ಕಾಣುತ್ತದೆ, ಆದರೆ ಗ್ರಾಹಕನಿಗೆ ಮಾತು ಕೊಟ್ಟ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ಯಾಕೆಂದರೆ ಹಿಗ್ಗಿದ ಪಾಯಿಂಟುಗಳಿಂದ ದಿನ ಲೆಕ್ಕ ಹಾಕಿದ್ದಾರೆ. ಸ್ಟೋರಿ ಪಾಯಿಂಟಿನ ಹುಟ್ಟಿಗೆ ಕಾರಣರೆಂದು ಹೆಸರಾದ ರಾನ್ ಜೆಫ್ರೀಸ್ ಅವರೇ ಅದರ ದುರುಪಯೋಗ ಕಂಡು ವಿಷಾದಿಸಿ ಬರೆದಿದ್ದಾರೆ. ಇದು ಹೊಸ ರೋಗವೂ ಅಲ್ಲ. 1980ರ ದಶಕದ ಆರಂಭದಲ್ಲಿ ಆಪಲ್ ಕಂಪನಿಯ ಲೀಸಾ ಕಂಪ್ಯೂಟರಿನ ತಂಡದಲ್ಲಿ, ಪ್ರತಿ ಎಂಜಿನಿಯರ್ ವಾರಕ್ಕೆ ಎಷ್ಟು ಸಾಲು ಕೋಡ್ ಬರೆದರೆಂದು ಫಾರಂ ತುಂಬಿಕೊಡುವ ಕ್ರಮ ಬಂತು. ಬಿಲ್ ಅಟ್ಕಿನ್ಸನ್ ಆ ವಾರ ಹಳೆಯ ಕೋಡನ್ನು ತಿದ್ದಿ ಆರು ಪಟ್ಟು ವೇಗವಾಗಿಸಿದ್ದರು, ಹಾಗೆ ಮಾಡುವಾಗ ಸುಮಾರು 2,000 ಸಾಲು ಕಡಿಮೆಯಾಗಿದ್ದವು. ಫಾರಮ್ಮಿನಲ್ಲಿ ಅವರು ಬರೆದದ್ದು ಮೈನಸ್ 2,000. ಕೆಲ ವಾರಗಳ ಬಳಿಕ ಆ ಫಾರಂ ತುಂಬಿಕೊಡಿ ಎಂದು ಅವರನ್ನು ಕೇಳುವುದನ್ನೇ ನಿಲ್ಲಿಸಿದರು.

ಅಂಕಿಯಿಂದ ಜನರನ್ನು ತೂಗುವುದರಲ್ಲಿ ಇನ್ನೂ ಆಳದ ದೋಷವೊಂದಿದೆ. ಅದನ್ನು ತೋರಿಸಿದ್ದು ಸಂಖ್ಯಾಶಾಸ್ತ್ರ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ ಎಂಬ ನಕ್ಷೆಯನ್ನು ರೂಪಿಸಿದರು. ಯಾವುದೇ ಕೆಲಸದಲ್ಲಿ ಅಂಕಿಗಳು ಏರಿಳಿಯುವುದು ಸಹಜ. ಆ ಸಹಜದ ಗಡಿಯೊಳಗಿನ ಏರಿಳಿತ ಯಾವುದು, ನಿಜಕ್ಕೂ ಏನೋ ಆಗಿದೆ ಎಂದು ಸೂಚಿಸುವ ಏರಿಳಿತ ಯಾವುದು ಎಂದು ಬೇರ್ಪಡಿಸುವ ವಿಧಾನ ಅದು. ಇದು ನಮಗೆ ದೂರದ ವಿದ್ಯೆಯಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹಲನೋಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆ ಶೂಹಾರ್ಟ್ ಅವರನ್ನು ಇಲ್ಲಿಗೆ ಕರೆಸಿಕೊಂಡಿತ್ತು. ಕಾರ್ಖಾನೆಗಳಿಗೆ ಗುಣಮಟ್ಟದ ಲೆಕ್ಕ ಕಲಿಸುವ ಅದರ ಘಟಕ 1950ರ ದಶಕದಲ್ಲೇ ಬೆಂಗಳೂರಿಗೂ ಬಂತು. ಶೂಹಾರ್ಟ್ ಅವರ ದಾರಿಯಲ್ಲಿ ನಡೆದ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಮಣಿಗಳ ಪ್ರಯೋಗವೊಂದನ್ನು ಮಾಡಿಸುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿ, 800 ಕೆಂಪು ಮಣಿ. ಐವತ್ತು ಗುಳಿಗಳ ಹಲಗೆಯನ್ನು ಕಣ್ಣು ಹಾಯಿಸದೆ ಅದರೊಳಗೆ ಅದ್ದಿ ಎತ್ತಬೇಕು. ಕೆಂಪು ಬಂದರೆ ಅದು ದೋಷ. ಲೆಕ್ಕದ ಪ್ರಕಾರ ಸರಾಸರಿ ಹತ್ತು ಕೆಂಪು ಬರಬೇಕು, ಆದರೆ ಬರಿಯ ಆಕಸ್ಮಿಕದಿಂದಲೇ ಒಬ್ಬರಿಗೆ ಐದು, ಇನ್ನೊಬ್ಬರಿಗೆ ಹದಿನೈದು ಬಂದರೂ ಅಚ್ಚರಿಯಿಲ್ಲ. ಮೇಲ್ವಿಚಾರಕನ ಪಾತ್ರದಲ್ಲಿ ಡೆಮಿಂಗ್ ಐದು ತೆಗೆದವರನ್ನು ಹೊಗಳುವರು, ಹದಿನೈದು ತೆಗೆದವರನ್ನು ಗದರುವರು. ಮುಂದಿನ ಸುತ್ತಿನಲ್ಲಿ ಹೊಗಳಿಸಿಕೊಂಡವರು ಜಾರುವರು, ಬೈಸಿಕೊಂಡವರು ಸುಧಾರಿಸಿದಂತೆ ಕಾಣುವರು. ಬೈದದ್ದು ಕೆಲಸ ಮಾಡಿತು ಎಂಬ ನಂಬಿಕೆ ಮ್ಯಾನೇಜರುಗಳಲ್ಲಿ ಬೇರೂರುವುದು ಹೀಗೆ. ಕೆಂಪು ಮಣಿ ಕಡಿಮೆಯಾಗಬೇಕಾದರೆ ಪೆಟ್ಟಿಗೆಯಲ್ಲಿರುವುದನ್ನು ಬದಲಿಸಬೇಕು, ಮತ್ತು ಪೆಟ್ಟಿಗೆ ಇರುವುದು ಮೇಲಿನವರ ಕೈಯಲ್ಲಿ. ನಮ್ಮ ಸೇಲ್ಸ್ ತಂಡಗಳ, ಕಾಲ್ ಸೆಂಟರುಗಳ ತಿಂಗಳ ಪಟ್ಟಿಯಲ್ಲಿ ಮೇಲೆ ಕೆಳಗೆ ಆಗುವ ಹೆಸರುಗಳಲ್ಲಿ ಬಹುಪಾಲು ಈ ಮಣಿಗಳ ಲೆಕ್ಕವೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಹಾಗಾದರೆ ಅಂಕಿಗಳಿಂದ ಯೋಜನೆ ಮಾಡುವುದು ಹೇಗೆ? ಒಂದು ಸರಳ ಸೂತ್ರವಿದೆ, 1961ರಲ್ಲಿ ಜಾನ್ ಲಿಟ್ಲ್ ಅದಕ್ಕೆ ಗಣಿತದ ಸಾಧನೆ ಕೊಟ್ಟರು. ಒಂದು ತಂಡದ ಕೈಯಲ್ಲಿ 30 ಕೆಲಸಗಳು ಬಾಕಿ ಇವೆ, ವಾರಕ್ಕೆ ಸರಾಸರಿ ಐದು ಮುಗಿಯುತ್ತವೆ ಎಂದರೆ ಇಂದು ಬಂದ ಕೆಲಸಕ್ಕೆ ಸರಾಸರಿ ಆರು ವಾರ ಬೇಕು. ಯಾರು ಎಷ್ಟು ಗಂಟೆ ಕೂತರು, ಯಾರು ಬೇಗ ಎದ್ದುಹೋದರು ಎಂಬ ಪ್ರಶ್ನೆಯೇ ಇಲ್ಲಿಲ್ಲ. ಗ್ರಾಹಕನಿಗೆ ಮೂರು ವಾರದಲ್ಲಿ ಬೇಕಿದ್ದರೆ ಬಾಕಿಯನ್ನು 15ಕ್ಕೆ ಇಳಿಸಬೇಕು, ಅಂದರೆ ಯಾವುದಕ್ಕೆ ಬೇಡ ಎನ್ನಬೇಕೆಂದು ಮೇಲಿನವರು ತೀರ್ಮಾನಿಸಬೇಕು. ಅಂಕಿ ಹೀಗೆ ಪ್ರಶ್ನೆಯನ್ನು ಸರಿಯಾದ ಬಾಗಿಲಿಗೆ ಒಯ್ಯುತ್ತದೆ. ನಮ್ಮ ಸರ್ಕಾರಿ ಬಸ್ಸುಗಳಲ್ಲೂ ಇದೇ ಬಗೆಯ ಸಂಪತ್ತು ಇದೆ. ನಿರ್ವಾಹಕರ ಕೈಯ ಟಿಕೆಟ್ ಯಂತ್ರದಲ್ಲಿ ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ, ಯಾವ ಹೊತ್ತಿಗೆ ಎಷ್ಟು ಜನ ಎಂಬುದು ದಾಖಲಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡುತ್ತಿರುವುದರಿಂದ ಅವರ ಓಡಾಟದ ಚಿತ್ರವೂ ಆ ದಾಖಲೆಯಲ್ಲಿ ಬೇರೆಯಾಗಿ ಸಿಗುತ್ತದೆ. ಯಾವ ರೂಟಿಗೆ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಬಸ್ಸು ಬೇಕು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ತುಂಬಿದ ಬಸ್ಸಿಗೆ ಹತ್ತಲಾಗದೆ ಸ್ಟಾಪಿನಲ್ಲೇ ಉಳಿದವರಿಗೆ ಟಿಕೆಟ್ ಇಲ್ಲ, ಬಸ್ಸೇ ಇಲ್ಲದ ಊರಿನವರ ಲೆಕ್ಕ ಯಾವ ಯಂತ್ರದಲ್ಲೂ ಇಲ್ಲ. ಡಿಪೊಗಳಲ್ಲಿ ಬಳಕೆಯಲ್ಲಿರುವ ಇಪಿಕೆಎಂ, ಅಂದರೆ ಕಿಲೋಮೀಟರಿಗೆ ಎಷ್ಟು ಆದಾಯ ಎಂಬ ಅಳತೆಯೊಂದರಿಂದಲೇ ಡಿಪೊವನ್ನು ತೂಗಿದರೆ ಮೊದಲು ನಿಲ್ಲುವುದು ಗಡಿಯ ಹಳ್ಳಿಯ ಕೊನೇ ಬಸ್ಸು. ಅಂಕಿಯಲ್ಲಿ ಕಾಣದವರನ್ನು ಹುಡುಕಿಕೊಂಡು ಹೋಗುವುದು ಯೋಜನೆ ಮಾಡುವವರ ಅರ್ಧ ಕೆಲಸ.

ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ನ್ಯಾಯದ ಪ್ರಶ್ನೆ. ಅಂಕಿಯನ್ನು ಬದಿಗಿಟ್ಟರೆ ಉಳಿಯುವುದು ಸಾಹೇಬರ ಮರ್ಜಿ. ಮರ್ಜಿಯ ಕಾಲದಲ್ಲಿ ಯಾರು ಯಾರ ಕಡೆಯವರು, ಯಾರು ಯಾರ ಜೊತೆ ಊಟಕ್ಕೆ ಹೋಗುತ್ತಾರೆ ಎಂಬುದೇ ಬಡ್ತಿಯನ್ನು ನಿರ್ಧರಿಸುತ್ತಿತ್ತು. ಮಾತು ಕಡಿಮೆಯ, ಕೆಲಸ ಜಾಸ್ತಿಯ ಹೆಣ್ಣುಮಗಳೊಬ್ಬಳಿಗೆ, ಪರಿಚಯದವರು ಯಾರೂ ಇಲ್ಲದೆ ಸಣ್ಣ ಊರಿನಿಂದ ಬಂದ ಹುಡುಗನಿಗೆ ಅಂಕಿಯೇ ಆಸರೆಯಲ್ಲವೇ? ಈ ಮಾತಿನ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಕಿಯ ಪಟ್ಟಿ ಪಕ್ಷಪಾತವನ್ನು ತೆಗೆದಿಲ್ಲ, ಅದಕ್ಕೆ ಬೇರೆ ಜಾಗ ಕೊಟ್ಟಿದೆ. ಒಳ್ಳೆಯ ಗ್ರಾಹಕ ಯಾರ ಪಾಲಿಗೆ, ಸುಲಭದ ಪ್ರಾಜೆಕ್ಟ್ ಯಾರ ಕೈಗೆ ಎಂದು ಹಂಚುವವರು ಅದೇ ಸಾಹೇಬರು. ವರ್ಷದ ಕೊನೆಗೆ ಬರುವ ಅಂಕಿ ಆ ಹಂಚಿಕೆಯ ನೆರಳು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಚ್ ಜನರನ್ನು 20, 70, 10 ಎಂದು ಮೂರು ಪಾಲು ಮಾಡಿ ಕೊನೆಯ ಹತ್ತನ್ನು ಹೊರಗೆ ಹಾಕುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದರು. ಅದನ್ನು ಹೋಲುವ ಕ್ರಮ ಮೈಕ್ರೊಸಾಫ್ಟ್‌ನಲ್ಲೂ ಇತ್ತು. ಅಲ್ಲಿ ಒಬ್ಬರು ಮೇಲೇರಲು ಪಕ್ಕದವರು ಕೆಳಗಿಳಿಯಲೇಬೇಕು, ಹಾಗಾಗಿ ಸಹೋದ್ಯೋಗಿಗೆ ನೆರವಾಗುವುದು ನಷ್ಟದ ಬಾಬತ್ತಾಯಿತು. 2013ರ ನವೆಂಬರಿನಲ್ಲಿ ಮೈಕ್ರೊಸಾಫ್ಟ್ ಅದನ್ನು ಕೈಬಿಟ್ಟಿತು. ಬೆಲ್ ಕರ್ವ್ ಎಂಬ ಹೆಸರಿನಲ್ಲಿ ಅದೇ ಪದ್ಧತಿ ನಮ್ಮ ಅನೇಕ ಐಟಿ ಕಂಪನಿಗಳಿಗೂ ಬಂದಿತ್ತು. ಆ ಹುಡುಗಿಗೂ ಹುಡುಗನಿಗೂ ಬೇಕಾದದ್ದು ಅವರ ಕೆಲಸವನ್ನು ಹತ್ತಿರದಿಂದ ನೋಡಿ, ಕಾರಣ ಬರೆದು ತೀರ್ಮಾನ ಕೊಡುವ ಮೇಲಧಿಕಾರಿ, ಆ ತೀರ್ಮಾನವನ್ನು ಪ್ರಶ್ನಿಸಲು ಒಂದು ವೇದಿಕೆ. ಒಂದು ಪಟ್ಟಿ ಆ ಶ್ರಮವನ್ನು ಉಳಿಸಿಕೊಡುತ್ತದೆ ಎಂಬುದೇ ಅದರ ಆಕರ್ಷಣೆ.

ಇನ್ನೊಂದು ಆಕ್ಷೇಪ ನಮ್ಮ ಹಳ್ಳಿಗಳಿಂದಲೇ ಬರಬಹುದು. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಅಳತೆಗೂ ದುಡ್ಡಿಗೂ ನೇರ ಸಂಬಂಧ. ಡೇರಿಗೆ ಹಾಲು ಹಾಕಿದಾಗ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಂಬ ಕೊಬ್ಬೇತರ ಘನಾಂಶ ಎಷ್ಟು ಎಂದು ನೋಡಿ ದರ ಕಟ್ಟುತ್ತಾರೆ, ಕರ್ನಾಟಕದ ಲಕ್ಷಾಂತರ ಮನೆಗಳ ಸಂಸಾರ ಅದರ ಮೇಲೆ ನಡೆಯುತ್ತಿದೆ. ಇಲ್ಲಿ ಅಂಕಿಯನ್ನು ಹಣಕ್ಕೆ ಕಟ್ಟಿದ್ದರಿಂದ ಏನು ಕೆಟ್ಟಿತು? ಈ ಪ್ರಶ್ನೆ ನನ್ನ ವಾದವನ್ನು ಚೂಪುಗೊಳಿಸುತ್ತದೆ. ಲೀಟರ್ ಲೆಕ್ಕದಲ್ಲಿ ಮಾತ್ರ ಕೊಳ್ಳುವ ಕಡೆಗಳಲ್ಲಿ ಹಾಲಿಗೆ ನೀರು ಸೇರುತ್ತಿತ್ತು. ಲ್ಯಾಕ್ಟೋಮೀಟರಿನ ಡಿಗ್ರಿ ನೋಡತೊಡಗಿದಾಗ ಡಿಗ್ರಿ ಏರಿಸಲು ಸಕ್ಕರೆ, ಉಪ್ಪು, ಯೂರಿಯಾ ಬೆರೆಸುವ ಕಲಬೆರಕೆ ಹುಟ್ಟಿತು. ಅದನ್ನು ಹಿಡಿಯಲು ಮತ್ತೆ ಬೇರೆ ಪರೀಕ್ಷೆಗಳು ಬೇಕಾದವು. ಅಷ್ಟಾಗಿಯೂ ಡೇರಿಯ ವ್ಯವಸ್ಥೆ ಬಹುಮಟ್ಟಿಗೆ ನಿಂತಿದೆ ಎಂದರೆ ಅದಕ್ಕೆ ಕಾರಣಗಳಿವೆ. ಅಳೆಯುತ್ತಿರುವುದು ಕೊಳ್ಳುವ ವಸ್ತುವನ್ನೇ. ಹಾಲಿನ ಕೊಬ್ಬು ಮತ್ಯಾವುದರದೋ ಸೂಚನೆಯಲ್ಲ, ಅದೇ ಸರಕು. ಪರೀಕ್ಷೆ ಹಾಲು ಹಾಕಿದವರ ಕಣ್ಣೆದುರೇ ನಡೆಯುತ್ತದೆ, ಫಲಿತಾಂಶ ಆಗಲೇ ಸಿಗುತ್ತದೆ, ತಕರಾರಿದ್ದರೆ ಅಲ್ಲೇ ಕೇಳಬಹುದು. ಎಲ್ಲಕ್ಕೂ ಮಿಗಿಲಾಗಿ, ಸಂಘ ಹಾಲು ಹಾಕುವವರದೇ. ಒಬ್ಬ ನರ್ಸಿನ, ಶಿಕ್ಷಕಿಯ, ಪ್ರೋಗ್ರಾಮರಿನ ವರ್ಷದ ಕೆಲಸದಲ್ಲಿ ಹೀಗೆ ಯಂತ್ರಕ್ಕೆ ಹಾಕಿ ನೋಡಬಹುದಾದ ಸರಕು ಯಾವುದು? ಅಲ್ಲಿ ನಾವು ಅಳೆಯುವುದೆಲ್ಲ ಕೆಲಸದ ಸುತ್ತಮುತ್ತಲಿನ ಸೂಚನೆಗಳನ್ನು. ಅಳತೆ ಸರಕಿನದೇ ಆಗಿದ್ದರೆ ಹಣಕ್ಕೆ ಕಟ್ಟಬಹುದು, ಸೂಚನೆಯದಾಗಿದ್ದರೆ ಕಟ್ಟಬಾರದು.

ಬ್ರಿಟನ್ನಿನ ಅನುಭವ ಇದಕ್ಕಿಂತ ಕಠಿಣ ಪ್ರಶ್ನೆ ಎತ್ತುತ್ತದೆ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕೆಂದು 2000ರ ದಶಕದ ಮೊದಲ ವರ್ಷಗಳಲ್ಲಿ ಗುರಿ ಇಟ್ಟರು, ನೂರಕ್ಕೆ 98 ಮಂದಿಯ ವಿಷಯದಲ್ಲಿ ಅದು ಪಾಲನೆಯಾಗಬೇಕಿತ್ತು. ಗುರಿಗಳ ಒತ್ತಡವಿದ್ದ ಇಂಗ್ಲೆಂಡಿನಲ್ಲಿ ಕಾಯುವ ಅವಧಿ ನಿಜಕ್ಕೂ ಇಳಿಯಿತು, ಅಂಥ ಬಿಗಿ ಇಲ್ಲದ ಸ್ಕಾಟ್ಲೆಂಡ್, ವೇಲ್ಸ್‌ಗಳಿಗಿಂತ ಚೆನ್ನಾಗಿ. ಇದನ್ನು ಒಪ್ಪದೆ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಗಂಟೆಗಟ್ಟಲೆ ನರಳುತ್ತ ಕೂತಿರಬೇಕಾಗಿದ್ದವರಿಗೆ ಆ ಗುರಿ ಉಪಕಾರ ಮಾಡಿದೆ. ಅದೇ ವೇಳೆಗೆ ಗ್ವಿನ್ ಬೆವನ್ ಮತ್ತು ಕ್ರಿಸ್ಟೊಫರ್ ಹುಡ್ ಎಂಬ ವಿದ್ವಾಂಸರು 2006ರಲ್ಲಿ ದಾಖಲಿಸಿದ ಸಂಗತಿಗಳೂ ಇವೆ. ಆಸ್ಪತ್ರೆಯ ಒಳಗೆ ಕಾಲಿಟ್ಟರೆ ಗಡಿಯಾರ ಶುರುವಾಗುತ್ತದೆ ಎಂದು ರೋಗಿಗಳನ್ನು ಹೊರಗೆ ಆಂಬುಲೆನ್ಸಿನಲ್ಲೇ ಕಾಯಿಸಿದ್ದರು. ಆಂಬುಲೆನ್ಸ್ ಎಂಟು ನಿಮಿಷದಲ್ಲಿ ತಲುಪಬೇಕೆಂಬ ಗುರಿಯಿದ್ದಾಗ ಕೆಲವೆಡೆ ದಾಖಲೆಗಳೆಲ್ಲ ಎಂಟರ ಗಡಿಯ ಒಳಬದಿಗೆ ಗುಂಪುಗೂಡಿದ್ದವು, ಗಡಿ ದಾಟಿದ ಕೂಡಲೇ ಸಂಖ್ಯೆ ಕುಸಿದಿತ್ತು. ಸ್ಟಾಫರ್ಡ್ ಆಸ್ಪತ್ರೆಯಲ್ಲಿ ಆರೈಕೆಯೇ ಕುಸಿದುಬಿದ್ದದ್ದನ್ನು ತನಿಖೆ ಮಾಡಿದ ರಾಬರ್ಟ್ ಫ್ರಾನ್ಸಿಸ್ ಅವರ 2013ರ ವರದಿ, ಆಡಳಿತದ ಗಮನವೆಲ್ಲ ಗುರಿಗಳ ಮೇಲೆ, ಹಣಕಾಸಿನ ಮೇಲೆ ಇತ್ತೆಂದು ಹೇಳಿತು. ಗುರಿಯೇ ಬೇಡ ಎಂಬುದು ಇದರಿಂದ ಹೊರಡುವ ತೀರ್ಮಾನವಲ್ಲ. ಗುರಿ ಇಡುವವರು ಅದನ್ನು ತಲುಪಲು ಬೇಕಾದ ಹಾಸಿಗೆ, ವೈದ್ಯರು, ನರ್ಸುಗಳನ್ನೂ ಒದಗಿಸಿದ ಕಡೆ ಗುರಿ ಯೋಜನೆಯಾಯಿತು. ಬರಿಯ ಅಂಕಿ ಕೊಟ್ಟು ಕುರ್ಚಿಯ ಬೆದರಿಕೆ ಹಾಕಿದ ಕಡೆ ಅದು ದಾಖಲೆ ತಿದ್ದುವ ಕೆಲಸವಾಯಿತು.

ಅಂಕಿ ಕೆಟ್ಟಿತೆಂದರೆ ಇನ್ನೂ ಒಳ್ಳೆಯ ಅಂಕಿ ಹುಡುಕೋಣ ಎಂಬುದು ಉಳಿದ ಇನ್ನೊಂದು ವಾದ. ಇದರಲ್ಲಿ ಅರ್ಧ ಸತ್ಯವಿದೆ. ಇಂಟೆಲ್ ಕಂಪನಿಯ ಆ್ಯಂಡಿ ಗ್ರೋವ್ 1983ರ ತಮ್ಮ ಪುಸ್ತಕದಲ್ಲಿ ಸೂಚಕಗಳನ್ನು ಜೋಡಿಯಾಗಿ ಇಡಬೇಕೆಂದರು: ದಾಸ್ತಾನು ಎಷ್ಟು ಇಳಿಯಿತು ಎಂದು ನೋಡುವಾಗಲೇ ಸರಕಿಲ್ಲದೆ ಎಷ್ಟು ಸಲ ಕೆಲಸ ನಿಂತಿತು ಎಂದೂ ನೋಡಿ. ಸಾಫ್ಟ್‌ವೇರ್ ಲೋಕದಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು 2018ರಲ್ಲಿ ಪುಸ್ತಕವಾಗಿ ತಂದ ನಾಲ್ಕು ಅಳತೆಗಳಲ್ಲೂ ಈ ವಿವೇಕವಿದೆ. ಹೊಸ ಕೋಡನ್ನು ಎಷ್ಟು ಸಲ ಬಳಕೆಗೆ ಬಿಡುತ್ತೀರಿ, ಬರೆದದ್ದು ಬಳಕೆದಾರರಿಗೆ ತಲುಪಲು ಎಷ್ಟು ಕಾಲ ಬೇಕು ಎಂಬ ಎರಡು ವೇಗದವು. ಬಿಟ್ಟದ್ದರಲ್ಲಿ ಎಷ್ಟು ಪಾಲು ಕೆಡುತ್ತದೆ, ಕೆಟ್ಟದ್ದನ್ನು ಸರಿಪಡಿಸಲು ಎಷ್ಟು ಹೊತ್ತು ಎಂಬ ಎರಡು ಸ್ಥಿರತೆಯವು. ವೇಗಕ್ಕಾಗಿ ಗುಣ ಕೆಡಿಸಿದರೆ ಮಗ್ಗುಲಿನ ಅಂಕಿ ಹೇಳಿಬಿಡುತ್ತದೆ. ಗಮನಿಸಬೇಕಾದದ್ದು, ಈ ನಾಲ್ಕೂ ಅಳೆಯುವುದು ತಂಡದ ಕೆಲಸದ ಹರಿವನ್ನು. ಒಬ್ಬೊಬ್ಬ ಎಂಜಿನಿಯರನ್ನಲ್ಲ. ಅವನ್ನು ವ್ಯಕ್ತಿಯ ಅಪ್ರೈಸಲ್ಲಿಗೆ ಇಳಿಸಿದರೆ ಎಷ್ಟೇ ಚೆನ್ನಾಗಿ ಜೋಡಿಸಿದ್ದರೂ ವರ್ಷದೊಳಗೆ ಅವೂ ಸ್ಟೋರಿ ಪಾಯಿಂಟಿನ ದಾರಿ ಹಿಡಿಯುತ್ತವೆ. ವೆಲ್ಸ್ ಫಾರ್ಗೊ ಕೂಡ ಕೊನೆಗೆ ಉತ್ತಮ ಗುರಿ ಹುಡುಕಲಿಲ್ಲ. 2016ರ ಅಕ್ಟೋಬರ್ 1ರಿಂದ ಶಾಖೆಗಳ ಮಾರಾಟದ ಗುರಿಗಳನ್ನೇ ತೆಗೆದುಹಾಕಿತು.

ಏಪ್ರಿಲ್ ಬಂತೆಂದರೆ ನಮ್ಮ ಕಚೇರಿಗಳಲ್ಲಿ ಹಳೆಯ ವರ್ಷದ ತೂಕ, ಹೊಸ ವರ್ಷದ ಗುರಿ ಎರಡೂ ಒಂದೇ ಸಭೆಯಲ್ಲಿ, ಒಂದೇ ಹಾಳೆಯ ಮೇಲೆ ನಡೆಯುತ್ತವೆ. ತಂಡ ನಡೆಸುವವರಲ್ಲಿ ನನ್ನ ಕೋರಿಕೆ, ಮೊದಲು ಆ ಎರಡು ಸಭೆಗಳನ್ನು ಬೇರೆ ಮಾಡಿ. ಯೋಜನೆಯ ಸಭೆಗೆ ಹೆಸರಿಲ್ಲದ ಅಂಕಿಗಳನ್ನು ತನ್ನಿ: ಬಾಕಿ ಎಷ್ಟು, ಮುಗಿಯುವ ವೇಗ ಎಷ್ಟು, ಎಲ್ಲಿ ಕೆಲಸ ಸಿಕ್ಕಿಕೊಂಡು ನಿಲ್ಲುತ್ತಿದೆ. ಕನಿಷ್ಠ ಒಂದು ವರ್ಷದ ಏರಿಳಿತ ನೋಡದೆ ಒಂದು ತಿಂಗಳ ಕುಸಿತಕ್ಕೆ ವಿವರಣೆ ಕೇಳಬೇಡಿ. ಅಂಕಿಯನ್ನು ದಾಖಲಿಸುವವರಿಗೇ ಅದನ್ನು ಮೊದಲು ನೋಡುವ, ಇದು ತಪ್ಪು ಚಿತ್ರ ಕೊಡುತ್ತಿದೆ ಎಂದು ಹೇಳುವ ಹಕ್ಕು ಇರಲಿ. ಒಬ್ಬರ ಸಂಬಳ, ಬಡ್ತಿ ನಿರ್ಧರಿಸುವಾಗ ಅವರ ಕೆಲಸವನ್ನು ಕೂತು ನೋಡಿ, ಅವರೊಂದಿಗೆ ದುಡಿದವರನ್ನು ಕೇಳಿ, ನಿಮ್ಮ ತೀರ್ಮಾನಕ್ಕೆ ಕಾರಣವನ್ನು ನಿಮ್ಮ ಹೆಸರು ಹಾಕಿ ಬರೆಯಿರಿ. ಮೇಲಿನಿಂದ ಹೊಸ ಗುರಿಯೊಂದು ಬಂದಾಗ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ: ಈ ಅಂಕಿ ಕೆಟ್ಟು ಬಂದರೆ ಯಾರಿಗೆ ಏನಾಗುತ್ತದೆ? ಕೆಳಗಿನವರ ಕೆಲಸ ಹೋಗುತ್ತದೆ ಎಂಬುದು ಉತ್ತರವಾದರೆ, ಆ ಅಂಕಿಯನ್ನು ನಂಬಿ ಮುಂದಿನ ವರ್ಷದ ಯೋಜನೆ ಕಟ್ಟಬೇಡಿ.